ಬಲ ಎಂದರೆ ಯಾವ ಕಡೆ?

ಬಂಟ್ವಾಳಕ್ಕೆ ರೈಲು ತಂದವರು ಯಾರು ಎಂದು ಯಾರಾದರೂ ಕೇಳಿದರೆ ದಯವಿಟ್ಟು ಸರಕಾರ ಎಂದು ಹೇಳಿಬಿಡಬೇಡಿ, ನಮ್ಮ ಬಾವನಿಗೆ ಬೇಸರವಾಗುತ್ತದೆ! ಸರಕಾರ ತಂದ ರೈಲನ್ನು ಸರಕಾರವೇ ವಾಪಸು ತೆಗೆದುಕೊಂಡು ಹೋಗಿತ್ತು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತೇವೆ ಎಂದವರು ಕೀಳುವ ಕೆಲಸವನ್ನು ತುಂಬ ಚುರುಕಾಗಿ ಮುಗಿಸಿದರು. ಹಾಕುವ ಕೆಲಸ ಮಾತ್ರ ಆಗುತ್ತಾ ಇತ್ತು, ಆಗುತ್ತಲೇ ಇತ್ತು. ತೊಂಬತ್ತರ ದಶಕ ಮುಗಿದು ಎರಡು ಸಾವಿರ ಬಂದರೂ ಪುತ್ತೂರಿಗೆ, ಮಂಗಳೂರಿಗೆ ನಮಗೆ ಬಸ್ಸೇ ಗತಿ. ಆ ವರ್ಷಗಳಲ್ಲೆಲ್ಲ ಬಂಟ್ವಾಳದಲ್ಲಿ ದಿನಾ ತಪ್ಪದೆ ರೈಲು ಓಡಿಸಿದವರು ನಮ್ಮ ಬಾವ ಒಬ್ಬರೇ. ಅದೂ ಎಲ್ಲಿ? ಅವರ ಮನೆಯ ಉಗ್ರಾಣದಲ್ಲಿ, ಎರಡು ಪ್ಲೈವುಡ್ ಹಲಗೆಯ ಮೇಲೆ!

ಬಾವ ಎಂದರೆ ನನ್ನ ಅಕ್ಕನ ಗಂಡ. ಗಲ್ಫಿನ ಒಂದು ಕಂಪೆನಿಯಲ್ಲಿ ಮೀಟರು, ವಾಲ್ವು ರಿಪೇರಿ ಮಾಡುತ್ತಾ ಹದಿನೆಂಟು ವರ್ಷ ಕಳೆದು ಊರಿಗೆ ಮರಳಿದವರು. ಗಲ್ಫಿನಿಂದ ಬರುವವರು ಕಂಬಳಿ ತರುತ್ತಾರೆ, ಟೇಪ್ ರೆಕಾರ್ಡರ್ ತರುತ್ತಾರೆ, ಕೊನೆಗೆ ಒಂದು ಬಾಟಲಿ ಸೆಂಟಾದರೂ ತರುತ್ತಾರೆ. ಇವರು ತಂದದ್ದು, ಇವರ ಮೇಲಿನ ಜರ್ಮನ್ ಎಂಜಿನಿಯರ್ ತನ್ನ ಊರಿಗೆ ಹೊರಡುವಾಗ ಕೊಟ್ಟುಹೋದ ಎರಡು ಆಟದ ರೈಲು. ಅಯ್ಯೋ, ‘ಆಟದ ರೈಲು’ ಎಂದು ಬರೆದುಬಿಟ್ಟೆನಲ್ಲ! ಬಾವ ಇದನ್ನು ಓದಿದರೆ ನನ್ನ ಕಥೆ ಮುಗಿಯಿತು. ಅದು ಮಾದರಿ ರೈಲು. ಆಟಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ ಎಂದು ಅವರು ಮೂರು ಸಲ ನನಗೆ ಹೇಳಿದ್ದಾರೆ, ಮೂರನೆಯ ಸಲ ಎದ್ದು ನಿಂತು.

ಎದ್ದು ನಿಲ್ಲುವುದು ಅವರಿಗೆ ಕಷ್ಟವೂ ಅಲ್ಲ, ಏಕೆಂದರೆ ಅವರು ಒಂದು ಕಡೆ ಐದು ನಿಮಿಷ ಕೂತದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ಊರಿಗೆ ಬಂದು ಒಂದೆರಡು ವರ್ಷವಾದ ಮೇಲೆ ಶುರುವಾದ ಚಾಳಿ ಅದು. ಸಾರನ್ನಕ್ಕೂ ಮಜ್ಜಿಗೆ ಅನ್ನಕ್ಕೂ ನಡುವೆ ಎದ್ದು ಹೋಗಿ ಸಿಗ್ನಲ್ ನೋಡಿ ಬರುತ್ತಾರೆ. ಪೇಪರನ್ನು ಅಂಗಳದಲ್ಲಿ ನಡೆಯುತ್ತಾ ಓದುತ್ತಾರೆ. ನಾನಾದರೋ ಸಿದ್ಧಕಟ್ಟೆಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ವಾರವಿಡೀ ಮಕ್ಕಳಿಗೆ ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಎಂದು ಕೂಗಿ ಭಾನುವಾರ ಅಕ್ಕನ ಮನೆಗೆ ಬಂದರೆ ಅಲ್ಲೂ ಅದೇ ಮಾತು ಹೇಳುವ ಹಣೆಬರಹ!

ಹಲಗೆಯ ಮೇಲಿನ ಬಂಟ್ವಾಳವನ್ನು ನೀವು ನೋಡಬೇಕಿತ್ತು. ಪೇಪರು, ಮೈದಾ ಅಂಟು ಸೇರಿಸಿ ಮಾಡಿದ ಗುಡ್ಡ. ಅಕ್ಕನ ಹಳೆಯ ನೀಲಿ ಸೀರೆಯ ನೇತ್ರಾವತಿ. ಬೆಂಕಿಪೆಟ್ಟಿಗೆಯ ಸ್ಟೇಷನ್ನು, ಅದಕ್ಕೆ ಮೂರು ಭಾಷೆಯಲ್ಲಿ ಬೋರ್ಡು. ಜರ್ಮನಿಯ ರೈಲು ಡಬ್ಬಿಗಳಿಗೆ ಕಾವಿ ಬಣ್ಣ ಬಳಿದು ಒಂದಕ್ಕೆ ಪುತ್ತೂರು ಗಾಡಿ, ಇನ್ನೊಂದಕ್ಕೆ ಮಂಗಳೂರು ಗಾಡಿ ಎಂದು ಹೆಸರು. ಪ್ಲಾಟ್‌ಫಾರ್ಮಿನಲ್ಲಿ ಗುಂಡುಸೂಜಿಯ ಪ್ರಯಾಣಿಕರು. ಗಂಡಸರು, ಹೆಂಗಸರು, ಪೊಲೀಸರು ಎಂಬ ಭೇದವಿಲ್ಲದೆ ಎಲ್ಲರ ಮೈಮೇಲೂ ರವಿಕೆ ಬಟ್ಟೆ!

ಏಕೆಂದರೆ ನನ್ನ ಅಕ್ಕ ಟೈಲರ್. ಬಿ.ಸಿ. ರೋಡಿನಿಂದ ಪಾಣೆಮಂಗಳೂರಿನವರೆಗೆ ಅರ್ಧ ಹೆಂಗಸರ ರವಿಕೆ ಅವಳ ಕೈಯದ್ದೇ. ಬಾವ ಗಲ್ಫಿನಲ್ಲಿದ್ದಷ್ಟು ಕಾಲವೂ ಆ ಹೊಲಿಗೆ ಮೆಷಿನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಟಕಟಕ ಎನ್ನುತ್ತಲೇ ಇತ್ತು. ಬಾವ ಬಂದ ಎರಡನೆಯ ವರ್ಷ ಅವಳ ಬೆರಳಿನ ಗಂಟುಗಳಿಗೆ ವಾತ ಹಿಡಿಯಿತು. ಮೊದಲು ಸೂಜಿಗೆ ನೂಲು ಪೋಣಿಸಲಾಗಲಿಲ್ಲ. ಆಮೇಲೆ ಕತ್ತರಿ ಹಿಡಿಯಲಾಗಲಿಲ್ಲ. ಕೊನೆಗೆ ಬಚ್ಚಲಿನ ನಳ್ಳಿ ತಿರುಗಿಸಲಿಕ್ಕೂ ಇನ್ನೊಬ್ಬರು ಬೇಕಾಯಿತು. ಮಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟರು, ನೋವು ಇಳಿಯಿತು, ಬೆರಳು ಮಾತ್ರ ಬಾಗಿದ್ದು ಬಾಗಿಯೇ ಉಳಿಯಿತು. ಅಕ್ಕ ಅಳಲಿಲ್ಲ. ಮೆಷಿನ್ನಿನ ಮೇಲೆ ಒಂದು ಬೆಡ್‌ಶೀಟು ಹೊದಿಸಿದಳು. ಕೇಳಿದವರಿಗೆಲ್ಲ “ಕೈಯಲ್ಲಿ ಬಲ ಇಲ್ಲ” ಎಂದು ಮೂರು ಶಬ್ದದಲ್ಲಿ ಹೇಳಿ ಮುಗಿಸಿದಳು.

ಅವಳ ಬಾಯಿಗೇನೂ ಆಗಿರಲಿಲ್ಲ ಎನ್ನುವುದು ನಮ್ಮ ಪುಣ್ಯ.

ಇನ್ನು ರೈಲ್ವೆ ಕೋಣೆಯ ಕಾನೂನಿಗೆ ಬರುವ. ನಮ್ಮದು ತುಳು ಮಾತನಾಡುವ ಮನೆ. ನಗುವುದು ತುಳುವಿನಲ್ಲಿ, ಬೈಯುವುದು ತುಳುವಿನಲ್ಲಿ. ಆದರೆ ರೈಲ್ವೆ ಕೋಣೆಯ ಹೊಸ್ತಿಲು ದಾಟಿದರೆ ಕನ್ನಡ ಮಾತ್ರ! ಏಕೆ ಎಂದು ಕೇಳಿದ್ದಕ್ಕೆ ಬಾವ ಹೇಳಿದರು, “ತಾಲೂಕು ಆಫೀಸಿನಲ್ಲಿ ನೀನು ತುಳು ಮಾತಾಡ್ತೀಯಾ? ಅರ್ಜಿ ತುಳುವಿನಲ್ಲಿ ಬರೀತೀಯಾ? ಇದು ರೈಲ್ವೆ ಮಾರಾಯ. ಇಲಾಖೆ! ತುಳು ಮಾತಾಡಿದ್ರೆ ಸಲಿಗೆ ಆಗ್ತದೆ, ಸಲಿಗೆ ಆದ್ರೆ ಗಾಡಿ ಲೇಟಾಗ್ತದೆ.” ಅಡುಗೆಮನೆಯಲ್ಲಿ ತುಳುವಿನಲ್ಲಿ ನೀರುದೋಸೆ ಕೇಳಿದ ಅದೇ ಮನುಷ್ಯ ಹೊಸ್ತಿಲು ದಾಟಿದ ಕೂಡಲೇ ಗಂಟಲು ಸರಿಮಾಡಿಕೊಂಡು, “ಪುತ್ತೂರಿಗೆ ತೆರಳುವ ಗಾಡಿಯು ಇನ್ನು ಕೆಲವೇ ಕ್ಷಣಗಳಲ್ಲಿ ಆಗಮಿಸಲಿದೆ” ಎನ್ನುತ್ತಿದ್ದರು. ಯಾರಿಗೆ? ಗುಂಡುಸೂಜಿಗಳಿಗೆ! ನನ್ನ ಕನ್ನಡ ಪಾಂಡಿತ್ಯವನ್ನು ಮೆಚ್ಚಿ ನನ್ನನ್ನು ಸ್ಟೇಷನ್ ಮಾಸ್ಟರ್ ಮಾಡಿದ್ದರು. ಅಂದರೆ ನಾಬ್ ಇದ್ದ ಒಂದು ಡಬ್ಬಿಯ ಮುಂದೆ ನಾನು ನಿಂತಿರಬೇಕು, ಅವರು ಹೇಳಿದಾಗ ಅದನ್ನು ತಿರುಗಿಸಬೇಕು, ಎಡಕ್ಕಾದರೆ ಗಾಡಿ ನಿಧಾನ, ಬಲಕ್ಕಾದರೆ ಜೋರು. ಅಕ್ಕ ಬಾಗಿಲಿನಿಂದ ಒಳಗೆ ಬರುತ್ತಲೇ ಇರಲಿಲ್ಲ. “ಒಳಗೆ ಸರಕಾರ, ಹೊರಗೆ ಸಂಸಾರ. ನನಗೆ ಹೊರಗೇ ಆದೀತು” ಎನ್ನುತ್ತಿದ್ದಳು.

ಈ ಕಾನೂನನ್ನು ಮೊದಲು ಮುರಿದದ್ದು ಯಾರು ಗೊತ್ತುಂಟಾ? ಕಾನೂನು ಮಾಡಿದವರೇ!

ಒಂದು ಭಾನುವಾರ ಪುತ್ತೂರು ಗಾಡಿ ಸ್ಟೇಷನ್ನಿಗೆ ಬರುತ್ತಿತ್ತು. ನಾನು ನಾಬ್ ಹಿಡಿದು ನಿಂತಿದ್ದೆ. ಬಾವ ಆ ಕಡೆಯ ತುದಿಯಲ್ಲಿ ಬಗ್ಗಿ, ಗಲ್ಲವನ್ನು ಹಲಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಗಾಡಿ ಗುಡ್ಡದ ತಿರುವು ದಾಟಿ ನೇರವಾಗಿ ಅವರ ಮೂಗಿನ ಕಡೆಗೆ ಹೊರಟಿತು. ನೋಡಲು ಅಷ್ಟು ಚೆಂದ ಕಂಡಿತೋ ಏನೋ, ಬಾವ ಮೈಮರೆತು “ಬಲ, ಬಲ, ಬಲ” ಎಂದುಬಿಟ್ಟರು.

ತುಳುವಿನಲ್ಲಿ ‘ಬಲ’ ಎಂದರೆ ‘ಬಾ’. ತೊಟ್ಟಿಲಿನಿಂದ ಕೇಳಿದ ಮಾತು ನನಗೂ ಗೊತ್ತಿಲ್ಲದ್ದಲ್ಲ. ಆದರೆ ನಾನು ನಿಂತಿರುವುದು ಎಲ್ಲಿ? ಇಲಾಖೆಯಲ್ಲಿ! ಕನ್ನಡ ಮಾತ್ರ ನಡೆಯುವ ಜಾಗದಲ್ಲಿ ಬಲ ಎಂದರೆ ಏನು, ನೀವೇ ಹೇಳಿ. ನಾಬನ್ನು ಬಲಕ್ಕೆ ತಿರುಗಿಸಿದೆ. ಅವರು ಇನ್ನೂ “ಬಲ, ಬಲ” ಎನ್ನುತ್ತಿದ್ದರು, ನಾನು ಇನ್ನೂ ತಿರುಗಿಸಿದೆ. ಪುತ್ತೂರು ಗಾಡಿ ಬಂಟ್ವಾಳದಲ್ಲಿ ನಿಲ್ಲಲಿಲ್ಲ. ಬಾವನ ಕಿವಿಯ ಪಕ್ಕದಲ್ಲೇ ಹಾದು, ಹಲಗೆ ಬಿಟ್ಟು, ಗಾಳಿಯಲ್ಲಿ ಸ್ವಲ್ಪ ದೂರ ಪ್ರಯಾಣ ಮಾಡಿ, ಉಗ್ರಾಣದ ಮೂಲೆಯಲ್ಲಿ ಬಾಯಿ ತೆರೆದು ನಿಂತಿದ್ದ ಅಕ್ಕಿಯ ಡ್ರಮ್ಮಿನೊಳಗೆ ಇಳಿಯಿತು.

“ನಾನು ಬಲ ಅಂದದ್ದು ಮಾರಾಯ!” ಎಂದು ಬಾವ ಕಿರುಚಿದರು.

“ನಾನು ಬಲಕ್ಕೇ ತಿರುಗಿಸಿದ್ದು ಬಾವ!” ಎಂದು ನಾನೂ ಕಿರುಚಿದೆ.

ಸದ್ದು ಕೇಳಿ ಬಂದ ಅಕ್ಕ ಬಾಗಿಲಲ್ಲೇ ನಿಂತು ಡ್ರಮ್ಮಿನ ಕಡೆ ಇಣುಕಿದಳು. “ಅಕ್ಕಿಯಲ್ಲಿ ಕಲ್ಲು ಸಿಗುವುದುಂಟು. ಇಂಜಿನ್ ಸಿಕ್ಕಿದ್ದು ಇದೇ ಮೊದಲು” ಎಂದಳು.

ಮರುದಿನ ಕೋಣೆಯ ಗೋಡೆಯಲ್ಲಿ ಹೊಸ ಬೋರ್ಡು ಬಂತು. ‘ಇಲ್ಲಿ ಕನ್ನಡ ಮಾತ್ರ. ಅಪ್ಪಣೆ ಮೇರೆಗೆ.’ ಯಾರ ಅಪ್ಪಣೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆದರೆ ಬಾವನ ನಿಜವಾದ ತಲೆನೋವು ಬೇರೆ. ಅವರಿಗೆ ಕ್ರಾಸಿಂಗ್ ಬೇಕಿತ್ತು. ಒಂಟಿ ಹಳಿಯ ಕಾಲದಲ್ಲಿ ಎದುರಿನಿಂದ ಬರುವ ಗಾಡಿಗಾಗಿ ಇನ್ನೊಂದು ಗಾಡಿ ಸ್ಟೇಷನ್ನಿನಲ್ಲಿ ಕಾದು ನಿಲ್ಲುತ್ತಿತ್ತಲ್ಲ, ಅದು. ಪುತ್ತೂರು ಗಾಡಿ ನಿಂತಿರಬೇಕು, ಮಂಗಳೂರು ಗಾಡಿ ಪಕ್ಕದ ಹಳಿಗೆ ಬರಬೇಕು, ಆಮೇಲೆ ಇದು ಹೊರಡಬೇಕು. ಜರ್ಮನಿಯವನು ಕೊಟ್ಟ ಹಳೆಯ ಡಬ್ಬಿಯಲ್ಲಿ ಇದು ಆಗುವ ಹೋಗುವ ಮಾತಲ್ಲ. ನಾಬ್ ತಿರುಗಿಸಿದರೆ ಹಳಿಗೆ ಕರೆಂಟು ಹೋಗುತ್ತದೆ, ಹಳಿಯ ಮೇಲೆ ಇದ್ದಬದ್ದ ಇಂಜಿನ್ನುಗಳೆಲ್ಲ ಒಟ್ಟಿಗೇ ಹೊರಡುತ್ತವೆ, ಹೆಡ್‌ಮಾಸ್ಟರು ಬೆಲ್ಲು ಹೊಡೆಸಿದಾಗ ನನ್ನ ಮಕ್ಕಳು ಹೊರಡುವ ಹಾಗೆ. “ಒಂದು ಹಳಿಗೆ ಬೇರೆ ಸ್ವಿಚ್ಚು ಹಾಕಿ ಕರೆಂಟು ತೆಗೆದರೆ ಆಯ್ತಲ್ಲ ಬಾವ?” ಎಂದು ನಾನು ನನ್ನ ಬುದ್ಧಿ ತೋರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. “ಕರೆಂಟು ತೆಗೆದ್ರೆ ದೀಪ ಹೋಗ್ತದೆ. ಕಾಯ್ತಾ ನಿಂತ ಗಾಡಿಗೆ ದೀಪ ಬೇಡ್ವಾ? ಅದು ಸತ್ತದ್ದಲ್ಲ ಮಾರಾಯ, ಕಾಯುವುದು!”

ಇದಕ್ಕೆ ಪರಿಹಾರವೇ ಡಿಜಿಟಲ್. ಬಾವ ಹಳೆಯ ಜರ್ಮನ್ ಕ್ಯಾಟಲಾಗುಗಳ ಚಿತ್ರ ನೋಡಿ ನೋಡಿ ಕಂಡುಹಿಡಿದದ್ದು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪ್ರತಿ ಇಂಜಿನ್ನಿನ ಹೊಟ್ಟೆಯೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್ಪು ಕೂರಿಸುವುದು, ಪ್ರತಿಯೊಂದಕ್ಕೂ ಒಂದು ನಂಬರು ಕೊಡುವುದು. ಹಳಿಯಲ್ಲಿ ಕರೆಂಟು ಸದಾ ಉಂಟು. ಮೂರು ಎಂದು ಕರೆದರೆ ಮೂರನೆಯದು ಮಾತ್ರ ‘ಹಾಜರ್’ ಎಂದು ಹೊರಡುತ್ತದೆ, ಏಳು ಎಂದು ಕರೆದರೆ ಏಳು. ಉಳಿದವು ದೀಪ ಉರಿಸಿಕೊಂಡು ತೆಪ್ಪಗೆ ನಿಂತಿರುತ್ತವೆ. ಹಾಜರಿ ಪುಸ್ತಕದ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ನನ್ನ ಒಂಬತ್ತನೆಯ ತರಗತಿಗೂ ಒಂದು ಸೆಟ್ ತರಿಸಲು ಸಾಧ್ಯವೇ ಎಂದು ಕೇಳಿದೆ.

ಈ ಡಿಜಿಟಲ್ ಡಬ್ಬಿಗಳಲ್ಲಿ ಹತ್ತಾರು ಜಾತಿ. ನಾಬ್ ತಿರುಗಿಸುವಂಥವು, ಬಟನ್ ಒತ್ತುವಂಥವು, ಕೈಯಲ್ಲಿ ಹಿಡಿದುಕೊಂಡು ಓಡಾಡುವಂಥವು. ಮಂಗಳೂರಿನಲ್ಲಿ ಒಂದೂ ಸಿಗುವುದಿಲ್ಲ. ತರುವುದಾದರೆ ನೆರೆಮನೆಯ ಹಮೀದಾಕ ತರಬೇಕು. ಅವರು ಗಲ್ಫಿನಲ್ಲಿ ಅಂಗಡಿ ಇಟ್ಟವರು, ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರು. ಆ ವರ್ಷದ ರಜೆ ಮುಗಿದು ಅವರು ಹೊರಡುವುದು ಮೇ ತಿಂಗಳ ಒಂದು ಶುಕ್ರವಾರ ಎಂದಾಯಿತು. “ಒಂದೇ ಡಬ್ಬಿ ಮಾರಾಯ್ರೆ,” ಎಂದು ಹಮೀದಾಕ ಮೊದಲೇ ಹೇಳಿದರು. “ಪೆಟ್ಟಿಗೆಯಲ್ಲಿ ಜಾಗ ಇಲ್ಲ. ಯಾವುದೂಂತ ಒಂದು ಚೀಟಿಯಲ್ಲಿ ಬರ್ದು ಕೊಡಿ. ತಪ್ಪು ಬರೆದ್ರೆ ಇನ್ನೊಂದು ವರ್ಷ ಕಾಯ್ಬೇಕು.”

ಮೊದಲೇ ಕೂರದ ಮನುಷ್ಯ, ಮೇಲಿಂದ ಇದೊಂದು ಗಡುವು! ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಮೊದಲ ಯಾತ್ರೆ ಮೂಡುಬಿದಿರೆಗೆ. ಅಲ್ಲಿ ಕಾಲೇಜಿನ ಮಕ್ಕಳಿಗಾಗಿ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಇಂಟರ್‌ನೆಟ್ ಅಂಗಡಿ ತೆರೆದಿದ್ದರು. ಬಂಟ್ವಾಳದಿಂದ ಬಂದ ಬಸ್ಸಿಗೆ ನಾನು ಸಿದ್ಧಕಟ್ಟೆಯಲ್ಲಿ ಹತ್ತಿದಾಗ ಬಾವ ಮುಂದಿನ ಸೀಟಿನಲ್ಲಿದ್ದರು. ಟಿಕೆಟ್ ತೆಗೆಯುವಷ್ಟರಲ್ಲಿ ಹಿಂದಿನ ಸೀಟಿಗೆ ಹೋಗಿದ್ದರು. ಹಿಂದೆ ಹೋದರೆ ಕಿಟಕಿಯ ಕಡೆ, ಕಿಟಕಿಗೆ ಬಂದರೆ ಬಾಗಿಲ ಕಡೆ. “ಬಾವ, ನೀವು ಎಲ್ಲಿ ಕೂತರೂ ಬಸ್ಸು ಮೂಡುಬಿದಿರೆಗೇ ಹೋಗುವುದು” ಎಂದೆ. ಕೇಳಿಸಲಿಲ್ಲ.

ಅಂಗಡಿಯಲ್ಲಿ ಚಿತ್ರ ತೆರೆಯುವುದೆಂದರೆ ಆಗ ಸಣ್ಣ ಕೆಲಸವೇ? ಮೇಲಿನಿಂದ ಒಂದು ಗೆರೆ, ಆಮೇಲೆ ಇನ್ನೊಂದು ಗೆರೆ. ಒಂದು ನಾಬ್ ಪೂರ್ತಿ ಕಾಣಿಸಬೇಕಾದರೆ ಒಂದು ಚಹಾ ಕುಡಿದು ಬರಬಹುದು. ಬಾವ ಆ ಹೊತ್ತಿನಲ್ಲಿ ಮೂರು ಸಲ ರಸ್ತೆಗೆ ಹೋಗಿ ಬಂದರು. ಚಿತ್ರ ಪೂರ್ತಿಯಾದ ಕೂಡಲೇ ಓಡಿಬಂದು ತನ್ನ ಬಲಗೈ ಮುಷ್ಟಿ ಕಟ್ಟಿ ಕಂಪ್ಯೂಟರಿನ ಗಾಜಿಗೆ ಒತ್ತಿ ಹಿಡಿದರು.

“ಸರ್, ಎಂತ ಮಾಡುವುದು ನೀವು?” ಎಂದು ಅಂಗಡಿಯ ಯಜಮಾನತಿ ಹೌಹಾರಿದರು.

“ಅಳೆಯುವುದು” ಎಂದರು ಬಾವ. “ಬಟನ್ ಸಣ್ಣದಾಯ್ತು. ಇದರ ದೊಡ್ಡದು ಉಂಟಾ?”

ಆಕೆ ಪಾಪ, ತನ್ನ ಅಂಗಡಿಯಲ್ಲಿ ಬಟನ್ ಮಾರುವುದಿಲ್ಲ ಎಂದರು.

ಅಲ್ಲಿಂದ ನನಗೆ ಪರಿಚಯವಿದ್ದ ಒಬ್ಬ ಎಲೆಕ್ಟ್ರಾನಿಕ್ಸ್ ಮೇಷ್ಟ್ರ ಮನೆಗೆ. ಅವರು ಉತ್ಸಾಹದಿಂದ ಪೆನ್ನು ಪೇಪರು ತೆಗೆದುಕೊಂಡು ವಿವರಿಸಿದರು. ಇಪ್ಪತ್ತೆಂಟು ಹಂತದ ವೇಗದ್ದು ಬೇಡ, ನೂರ ಇಪ್ಪತ್ತೆಂಟು ಹಂತದ್ದು ತೆಗೆದುಕೊಳ್ಳಿ, ಮುಂದೆ ಕಂಪ್ಯೂಟರಿಗೂ ಜೋಡಿಸಬಹುದು ಎಂದರು. ನಾನು ತಲೆಯಾಡಿಸಿದೆ. ಬಾವ ನಿಂತುಕೊಂಡೇ ಎಲ್ಲವನ್ನೂ ಕೇಳಿ ಕೊನೆಗೆ ಒಂದು ಪ್ರಶ್ನೆ ಹಾಕಿದರು. “ಅದೆಲ್ಲ ಸರಿ ಸರ್. ಮೊಣಕೈಯಲ್ಲಿ ಒತ್ತಿದ್ರೆ ಓಡ್ತದಾ?”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ಮನೆಗೆ ನಾನು ಮತ್ತೆ ಹೋಗಿಲ್ಲ.

ಎರಡನೆಯ ಯಾತ್ರೆ ಬೆಳ್ತಂಗಡಿಗೆ. ಅಲ್ಲಿ ಒಬ್ಬ ಪೊರ್ಬುಗಳ ಮನೆಯಲ್ಲಿ ನಿಜವಾದ ಡಿಜಿಟಲ್ ಸೆಟ್ ಇದೆ ಎಂದು ಬಾವ ಹೇಗೋ ಪತ್ತೆ ಮಾಡಿದ್ದರು. ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು ರೂಢಿ. ಇವರು ನಿವೃತ್ತ ಡ್ರಾಯಿಂಗ್ ಮಾಸ್ಟರು, ತಂಗಿ ಜರ್ಮನಿಯಲ್ಲಿ ಸಿಸ್ಟರ್ ಆಗಿದ್ದಾಳೆ, ಅವಳು ಕಳಿಸಿದ ಸೆಟ್ಟು. ಬಹಳ ಒಳ್ಳೆಯ ಮನುಷ್ಯ. ಚಹಾ ಕೊಟ್ಟರು, ಬನ್ಸ್ ಕೊಟ್ಟರು, ನಾಬ್ ಇದ್ದ ನುಣುಪಾದ ಒಂದು ಡಬ್ಬಿಯನ್ನು ಬಾವನ ಮುಂದಿಟ್ಟು, “ಓಡಿಸಿ ನೋಡಿ ಮಾರಾಯ್ರೆ, ಬೆಣ್ಣೆಯ ಹಾಗೆ ತಿರುಗ್ತದೆ” ಎಂದರು.

ಬಾವ ಚೀಲದಿಂದ ಒಂದು ಜೊತೆ ಉಣ್ಣೆಯ ಕಾಲುಚೀಲ ತೆಗೆದರು. ತೆಗೆದು ಹಾಕಿಕೊಂಡರು. ಕಾಲಿಗಲ್ಲ, ಕೈಗೆ!

ನಾನು ಕೂತಲ್ಲೇ ಬೆವತೆ. ಮೇ ತಿಂಗಳು, ಬೆಳ್ತಂಗಡಿ, ಮಧ್ಯಾಹ್ನದ ಎರಡು ಗಂಟೆ! ಬಾವ ಎರಡೂ ಕೈಗೆ ಕಾಲುಚೀಲ ಹಾಕಿಕೊಂಡು ನಾಬನ್ನು ತಿರುಗಿಸಲು ನೋಡಿದರು. ಕೈ ಜಾರಿತು. ಮುಷ್ಟಿಯಿಂದ ನೂಕಿದರು. ಮಣಿಕಟ್ಟಿನಿಂದ ಒತ್ತಿದರು. ಇಂಜಿನ್ ಒಮ್ಮೆ ಬೆದರಿದ ಹಾಗೆ ಮುಂದೆ ಹಾರಿ ನಿಂತಿತು. ಅಡುಗೆಮನೆಯಿಂದ ಇಣುಕಿದ ಪೊರ್ಬುಗಳ ಹೆಂಡತಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದರು.

“ಇವರಿಗೆ ಚಳಿಯಾ?” ಎಂದು ಪೊರ್ಬುಗಳು ನನ್ನ ಕಿವಿಯಲ್ಲಿ ಕೇಳಿದರು.

“ಗಲ್ಫಿನಲ್ಲಿ ಇದ್ದವರು” ಎಂದೆ. ಬೇರೇನು ಹೇಳಲಿ?

ವಾಪಸು ಬರುವಾಗ ಬಸ್ಸಿನ ಕಂಬಿ ಹಿಡಿದು ನೇತಾಡುತ್ತಾ ಬಾವ ತೀರ್ಪು ಕೊಟ್ಟರು. “ಒಳ್ಳೆ ಮೆಷಿನ್. ನಮಗೆ ಆಗ್ಲಿಕ್ಕಿಲ್ಲ.” ಹೀಗೆ ಎರಡು ವಾರದಲ್ಲಿ ಅವರು ಬೇಡ ಎಂದ ಡಬ್ಬಿಗಳಿಗೆ ಲೆಕ್ಕವಿಲ್ಲ. ಇದರ ನಾಬ್ ಬಿಗಿ. ಅದಕ್ಕೆ ಎರಡು ಕೈ ಬೇಕು. ಇನ್ನೊಂದರ ಬಟನ್ ಮಾತ್ರೆಯಷ್ಟು ಸಣ್ಣದು. ಮತ್ತೊಂದನ್ನು ಎತ್ತಿ ಹಿಡಿದಿರಬೇಕು. ಇಂಜಿನ್ ಹೇಗೆ ಓಡುತ್ತದೆ ಎಂಬ ಬಗ್ಗೆ ಒಂದು ಮಾತಿಲ್ಲ! ಹೆಣ್ಣು ನೋಡಲು ಹೋದವನು ಹುಡುಗಿಯನ್ನು ಬಿಟ್ಟು ಮನೆಯ ಬಾಗಿಲ ಚಿಲಕ ಪರೀಕ್ಷಿಸಿದ ಹಾಗಾಯಿತು.

ಗುರುವಾರ ಬಂತು. ಮರುದಿನ ಹಮೀದಾಕ ಹೊರಡುವುದು. ಚೀಟಿಯಲ್ಲಿ ನಾಲ್ಕು ಹೆಸರು ಬರೆದು ನಾಲ್ಕನ್ನೂ ಹೊಡೆದುಹಾಕಿದ್ದರು. ಬಾವ ಅಂಗಳದಲ್ಲಿ ಶತಪಥ, ಅವರ ಹಿಂದೆ ನಾನು. ಬಿಸಿಲಿನಲ್ಲಿ ನನ್ನ ತಲೆ ಕೆಟ್ಟಿತ್ತು. ಅಷ್ಟರಲ್ಲಿ ಬಚ್ಚಲಿನಿಂದ ಅಕ್ಕ ಕರೆದಳು. ನಳ್ಳಿ ತಿರುಗಿಸಲು. ಬಾವ ಓಡಿಹೋಗಿ ನಳ್ಳಿ ತಿರುಗಿಸಿ ಕೊಟ್ಟು ಬಂದು ಅದೇ ಉಸಿರಿನಲ್ಲಿ, “ಐದನೇದು ಒಂದು ಉಂಟು ಮಾರಾಯ, ಬಟನ್ ಸ್ವಲ್ಪ...” ಎಂದು ಶುರುಮಾಡಿದರು.

ನನಗೆ ಸಿಟ್ಟು ನೆತ್ತಿಗೇರಿತು. “ಸಾಕು ಬಾವ! ಅಕ್ಕನ ಕೈ ಹೀಗಿರುವಾಗ ನಿಮಗೆ ಆಟದ ರೈಲಿನ ಚಿಂತೆ! ನಾಚಿಕೆ ಆಗುವುದಿಲ್ವಾ ನಿಮಗೆ?” ಎಂದುಬಿಟ್ಟೆ. ಅಂದದ್ದು ತುಳುವಿನಲ್ಲಿ, ಇನ್ನೂ ಸ್ವಲ್ಪ ಖಾರವಾಗಿಯೇ.

ಬಾವ ನಡೆಯುವುದನ್ನು ನಿಲ್ಲಿಸಿದರು. ಆಟದ ರೈಲು ಅಂದದ್ದಕ್ಕೆ ಜಗಳ ಮಾಡುತ್ತಾರೆ ಎಂದು ನಾನು ಕಾದೆ. ಮಾಡಲಿಲ್ಲ. ಹಗ್ಗದಲ್ಲಿ ಒಣಗುತ್ತಿದ್ದ ಆ ಉಣ್ಣೆಯ ಕಾಲುಚೀಲಗಳನ್ನು ತೆಗೆದು, ಮಡಚಿ, ಕಿಸೆಯಲ್ಲಿಟ್ಟುಕೊಂಡು ಒಳಗೆ ಹೋದರು. ನಾನು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ.

ಶುಕ್ರವಾರದ ಕಥೆ ನನಗೆ ಹಮೀದಾಕನ ಮನೆಯವರು ಹೇಳಿದ್ದು. ನಮಾಜು ಮುಗಿಸಿ ಬಂದು ಅವರು ಬಿ.ಸಿ. ರೋಡಿನಲ್ಲಿ ಬಾಂಬೆ ಬಸ್ಸು ಹತ್ತಿಯಾಗಿದೆ, ಬಸ್ಸು ಹೊರಟಾಗಿದೆ. ಅಷ್ಟರಲ್ಲಿ ಲುಂಗಿ ಎತ್ತಿಕಟ್ಟಿದ ಒಬ್ಬ ಮನುಷ್ಯ “ಹಮೀದಾಕ! ಹಮೀದಾಕ!” ಎಂದು ಕೂಗುತ್ತಾ ಬಸ್ಸಿನ ಪಕ್ಕದಲ್ಲೇ ಓಡಿ ಕಿಟಕಿಯಿಂದ ಒಂದು ಚೀಟಿ ಎಸೆದರಂತೆ. ಯಾರೋ ಸಾಲ ಕೊಟ್ಟವರು ಎಂದು ತಿಳಿದು ಡ್ರೈವರ್ ಬಸ್ಸಿನ ವೇಗ ಹೆಚ್ಚಿಸಿದನಂತೆ!

ವರ್ಷ ಕಳೆಯಿತು. ಬಾವನೂ ನಾನೂ ಮಾತು ಬಿಡಲಿಲ್ಲ, ಆದರೆ ರೈಲಿನ ಮಾತು ಇಬ್ಬರೂ ಎತ್ತಲಿಲ್ಲ. ಮರುವರ್ಷ ಹಮೀದಾಕ ಡಬ್ಬಿಯೊಂದಿಗೆ ಬಂದರು. ಬಾಂಬೆಯ ಕಸ್ಟಮ್ಸಿನವರು ತೆರೆದು ನೋಡಿ ಇದೇನು ಎಂದು ಕೇಳಿದರಂತೆ. “ಮಕ್ಕಳ ಆಟದ ಸಾಮಾನು ಅಂದೆ, ಬಿಟ್ಟರು” ಎಂದರು ಹಮೀದಾಕ ಹೆಮ್ಮೆಯಿಂದ. ಬಾವನ ಮುಖ ನೋಡಬೇಕಿತ್ತು! ನಿಜ ಹೇಳಬೇಕೆಂದರೆ ಹಮೀದಾಕನದ್ದೇನೂ ತಪ್ಪಲ್ಲ. ಡಬ್ಬಿಯಿಂದ ಹೊರಬಂದದ್ದು ಮಣೆಯಷ್ಟು ಅಗಲದ ಒಂದು ಹಲಗೆ. ಅದರಲ್ಲಿ ಕ್ರೀಮ್ ಬಿಸ್ಕತ್ತಿನಷ್ಟು ದೊಡ್ಡ, ಬಣ್ಣಬಣ್ಣದ ಬಟನ್ನುಗಳು. ನಾಬ್ ಇಲ್ಲ, ಕಂಪ್ಯೂಟರಿಗೆ ಜೋಡಿಸಲು ಬರುವುದಿಲ್ಲ, ನೂರ ಇಪ್ಪತ್ತೆಂಟು ಹಂತ ಹಾಗಿರಲಿ, ಇಪ್ಪತ್ತೆಂಟೂ ಇಲ್ಲ. ಕ್ಯಾಟಲಾಗಿನ ಕೊನೆಯ ಪುಟದಲ್ಲಿ, ಸಣ್ಣ ಮಕ್ಕಳ ಚಿತ್ರದ ಪಕ್ಕದಲ್ಲಿ ಇದ್ದ ಹಳೆಯ ಮಾದರಿ! ಮೂಡುಬಿದಿರೆ, ಬೆಳ್ತಂಗಡಿ ಸುತ್ತಿಸಿ ಕೊನೆಗೆ ಇದನ್ನಾ ಆರಿಸಿದ್ದು? ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ.

ಬಾವ ಎಂಟು ದಿನ ಬಾಗಿಲು ಹಾಕಿಕೊಂಡು ಇಂಜಿನ್ನುಗಳ ಹೊಟ್ಟೆಗೆ ಡಬ್ಬಿಯ ಜೊತೆ ಬಂದಿದ್ದ ಚಿಪ್ಪು ಬೆಸುಗೆ ಹಾಕಿದರು. ಒಂಬತ್ತನೆಯ ದಿನ ಭಾನುವಾರ. ನಾನು ಎಂದಿನ ಹಾಗೆ ಕೋಣೆಗೆ ಹೋಗಿ ಸ್ಟೇಷನ್ ಮಾಸ್ಟರ್ ಜಾಗದಲ್ಲಿ ನಿಲ್ಲಲು ನೋಡಿದರೆ ಆ ಜಾಗದಲ್ಲಿ ಅಕ್ಕನ ಹೊಲಿಗೆ ಮೆಷಿನ್ನು! ಬೆಡ್‌ಶೀಟು ತೆಗೆದಿದ್ದರು. ಮೆಷಿನ್ನನ್ನು ಒಳಕ್ಕೆ ಮಡಚಿ, ಸಮತಟ್ಟಾದ ಆ ಮರದ ಹಲಗೆಯ ಮೇಲೆ ಬಟನ್ನುಗಳನ್ನು ಇಟ್ಟಿದ್ದರು. ಮುಂದೆ ಅವಳ ಹಳೆಯ ಸ್ಟೂಲು.

“ನೀನು ಸ್ವಲ್ಪ ಆಚೆ ನಿಲ್ಲು” ಎಂದು ಬಾವ ನನಗೆ ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಬಾಗಿಲ ಕಡೆ ತಿರುಗಿ, ಶುದ್ಧ ಕನ್ನಡದಲ್ಲಿ ಕರೆದರು. “ಸ್ಟೇಷನ್ ಮಾಸ್ಟರರು ದಯವಿಟ್ಟು ಒಳಗೆ ಬರಬೇಕು.”

ಅಕ್ಕ ಹೊಸ್ತಿಲಲ್ಲಿ ನಿಂತಳು. ಸೆರಗಿನೊಳಗೆ ಕೈ ಅಡಗಿಸಿದಳು. “ನನಗೆಲ್ಲಿಯ ರೈಲು? ಕೈಯಲ್ಲಿ ಬಲ ಇಲ್ಲ” ಎಂದಳು.

“ಬಲ ಬೇಡ,” ಎಂದರು ಬಾವ. “ಬೆರಳಿನ ಗಂಟು ಸಾಕು. ನಾನು ಕಾಲುಚೀಲ ಹಾಕಿ ನೋಡಿದ್ದೇನೆ.”

ಬೆಳ್ತಂಗಡಿಯ ಆ ಬೆವರು, ಕಂಪ್ಯೂಟರಿನ ಗಾಜಿನ ಮೇಲಿನ ಆ ಮುಷ್ಟಿ, ಮೊಣಕೈಯ ಪ್ರಶ್ನೆ, ಎಲ್ಲ ಒಟ್ಟಿಗೆ ಬಂದು ಮುಖಕ್ಕೆ ಹೊಡೆದವು. ನಾಚಿಕೆ ಇಲ್ಲವೇ ಎಂದು ನಾನು ಕೇಳಿದ್ದು ಯಾರನ್ನು! ಹೊರಗೆ ಹೋಗಿ ಬಾವಿಕಟ್ಟೆಯ ಹತ್ತಿರ ನಿಲ್ಲೋಣ ಅನ್ನಿಸಿತು, ಆದರೂ ಬಾಗಿಲಿಗೆ ಒರಗಿ ನಿಂತೆ.

ಅಕ್ಕ ಸ್ಟೂಲಿನಲ್ಲಿ ಕೂತಳು. ಬಾಗಿದ ಬೆರಳಿನ ಗಂಟಿನಿಂದ ಕೆಂಪು ಬಟನ್ ಒತ್ತಿದಳು. ಪುತ್ತೂರು ಗಾಡಿ ಹೊರಟಿತು. ಗುಡ್ಡ ಸುತ್ತಿ ಬಂತು, ಸ್ಟೇಷನ್ನಿನಲ್ಲಿ ನಿಂತಿತು, ದೀಪ ಉರಿಯುತ್ತಲೇ ಇತ್ತು. ಅವಳು ಒಮ್ಮೆ ನಮ್ಮಿಬ್ಬರನ್ನೂ ನೋಡಿ ಹಸಿರು ಬಟನ್ ಒತ್ತಿದಳು. ನೇತ್ರಾವತಿಯ ಆಚೆಯಿಂದ ಮಂಗಳೂರು ಗಾಡಿ, ಹಳಿಯ ಸಂದುಗಳಲ್ಲಿ ಟಕಟಕ ಎನ್ನುತ್ತಾ, ನಿಧಾನಕ್ಕೆ ಬರತೊಡಗಿತು. ಅಕ್ಕ ಮುಂದಕ್ಕೆ ಬಗ್ಗಿದಳು. ಸೂಜಿಯ ಕೆಳಗೆ ಬಟ್ಟೆ ನೂಕುವಾಗ ಹೀಗೆಯೇ ಬಗ್ಗುತ್ತಿದ್ದಳು.

“ಬಲ,” ಎಂದಳು ಮೆಲ್ಲಗೆ. “ಬಲ ಮಗಾ... ಮೆಲ್ಲ ಬಲ.”

ನಾನು ಗೋಡೆಯ ಬೋರ್ಡು ನೋಡಿದೆ. ಬಾವನನ್ನು ನೋಡಿದೆ. ಕನ್ನಡವೂ ಇಲ್ಲ, ಇಲಾಖೆಯೂ ಇಲ್ಲ, ನಮ್ಮ ಬಾವ ಅಕ್ಕಿಯ ಡ್ರಮ್ಮಿನ ಮುಚ್ಚಳ ಹಾಕಿ ಅದರ ಮೇಲೆ ಕೂತಿದ್ದರು. ಕೂತಿದ್ದರು!

“ಹದಿನೆಂಟು ವರ್ಷ,” ಎಂದು ಅವರು ನನಗೆ ಮಾತ್ರ ಕೇಳಿಸುವ ಹಾಗೆ ತುಳುವಿನಲ್ಲಿ ಹೇಳಿದರು, “ಅಲ್ಲಿಂದ ಫೋನ್ ಮಾಡಿದಾಗೆಲ್ಲ ಇವಳ ಮಾತಿನ ಹಿಂದೆ ಮೆಷಿನ್ನಿನ ಸದ್ದು ಕೇಳ್ತಿತ್ತು. ಇವಳ ಕೈ ಓಡ್ತಾ ಉಂಟು, ಮನೆ ನಡೀತಾ ಉಂಟು ಅಂತ ನನಗೆ ಧೈರ್ಯ. ಆ ಸದ್ದು ನಿಂತ ಮೇಲೆ ಈ ಮನೆಯಲ್ಲಿ ನನಗೆ ಕೂತ್ಕೊಳ್ಳಲಿಕ್ಕೇ ಆಗ್ತಿರಲಿಲ್ಲ ಮಾರಾಯ.”

ನಾನು ಕಣ್ಣು ಒರೆಸಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಮಂಗಳೂರು ಗಾಡಿ ಪುತ್ತೂರು ಗಾಡಿಯ ಪಕ್ಕದಲ್ಲಿ ಬಂದು ನಿಂತಿತು. ಎರಡರ ದೀಪವೂ ಉರಿಯುತ್ತಿತ್ತು. ಅಕ್ಕ ಗಾಡಿಯಿಂದ ಕಣ್ಣು ತೆಗೆಯದೆ, ನನ್ನ ಕಡೆ ತಿರುಗದೆ, ಬಾಗಿದ ಬೆರಳುಗಳ ಕೈಯನ್ನು ಹಿಂದಕ್ಕೆ ಚಾಚಿ ಕರೆದಳು.

“ಬಲ.”

ಆ ಸಲ ನಾನು ತಪ್ಪಲಿಲ್ಲ. ಸೀದಾ ಅಕ್ಕನ ಹತ್ತಿರ ಹೋಗಿ ನಿಂತೆ.